ರಾಜಕುಮಾರಿಗೆ ‘ಒಲ್ಲೆ’ ಎನ್ನಲಾಗದ ಆಟ

(ಜಪಾನ್ ಮತ್ತು ಪಶ್ಚಿಮದ ವಿಡಿಯೋ ಗೇಮ್‌ಗಳ ಶೈಲಿಭೇದ ಕುರಿತು ನೀಡಿದ ಉಪನ್ಯಾಸದ ಬರಹ ರೂಪ)



2021ರ ಜುಲೈ 23ರಂದು ಟೋಕಿಯೋದಲ್ಲಿ ಒಲಿಂಪಿಕ್ಸ್ ಉದ್ಘಾಟನೆಯಾಯಿತು. ಕೊರೊನಾ ಹಾವಳಿಯಿಂದಾಗಿ ಪ್ರೇಕ್ಷಕರ ಆಸನಗಳು ಬಹುಮಟ್ಟಿಗೆ ಖಾಲಿ. ವಾಡಿಕೆಯಂತೆ ಮೊದಲು ಗ್ರೀಸಿನ ಕ್ರೀಡಾಪಟುಗಳು ಒಳಗೆ ಬಂದರು, ಕಹಳೆಗಳು ಮೊಳಗಿದವು. ಮೇರಿ ಕೋಮ್ ಮತ್ತು ಮನ್‌ಪ್ರೀತ್ ಸಿಂಗ್ ನಮ್ಮ ಧ್ವಜ ಹಿಡಿದು ಬರುವುದನ್ನು ನೋಡಲು ಟಿವಿ ಮುಂದೆ ಕುಳಿತ ನಿಮ್ಮಲ್ಲಿ ಹಲವರು, ಅದು ಜಪಾನಿನ ಯಾವುದೋ ಹಳೆಯ ಸೇನಾ ವಾದ್ಯಸಂಗೀತ ಎಂದುಕೊಂಡಿರಬಹುದು. ಅಲ್ಲ. ಅದು ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ವಿಡಿಯೋ ಗೇಮ್‌ನ ಆರಂಭ ಸಂಗೀತ. ಮೆರವಣಿಗೆಯುದ್ದಕ್ಕೂ ನುಡಿಸಿದ್ದು ವಿಡಿಯೋ ಗೇಮ್‌ಗಳ ರಾಗಗಳನ್ನೇ. ಅದಕ್ಕೆ ಐದು ವರ್ಷ ಮೊದಲು, 2016ರಲ್ಲಿ, ರಿಯೋ ಒಲಿಂಪಿಕ್ಸಿನ ಸಮಾರೋಪದಲ್ಲಿ ಜಪಾನಿನ ಪ್ರಧಾನಿ ಶಿಂಜೋ ಅಬೆ ‘ಮಾರಿಯೋ’ ವೇಷ ತೊಟ್ಟು ನಿಂತಿದ್ದರು. ಒಂದು ದೇಶದ ಪ್ರಧಾನಿ, ಮಕ್ಕಳ ಆಟದ ಕೊಳಾಯಿ ರಿಪೇರಿಯವನ ವೇಷದಲ್ಲಿ!

ವಿಡಿಯೋ ಗೇಮ್ ಹುಟ್ಟಿದ್ದು ಅಮೆರಿಕದ ಪ್ರಯೋಗಶಾಲೆಗಳಲ್ಲಿ. ಆದರೆ ಅದನ್ನು ತನ್ನ ದೇಶದ ಮುಖವೆಂದು ಲೋಕದ ಮುಂದೆ ಹಿಡಿದದ್ದು ಜಪಾನ್. ಎರಡೂ ಕಡೆಯ ಆಟಗಳನ್ನು ಆಡಿದವರನ್ನು ಕೇಳಿ. ಇವು ಬೇರೆ, ಅವು ಬೇರೆ ಎಂದು ಥಟ್ಟನೆ ಹೇಳುತ್ತಾರೆ. ಜಪಾನಿನ ಆಟದಲ್ಲಿ ನಾಯಕ ಹದಿಹರೆಯದ ಹುಡುಗ, ದೊಡ್ಡ ಕಣ್ಣು, ಚೂಪು ಚೂಪಾದ ಕೂದಲು. ಕಥೆ ಹಿಡಿದ ದಾರಿಯಲ್ಲೇ ಅವನು ನಡೆಯಬೇಕು. ಪಶ್ಚಿಮದ ಆಟದಲ್ಲಿ ನಡುವಯಸ್ಸಿನ ಗಡ್ಡದವನು, ಕೈಯಲ್ಲಿ ಬಂದೂಕು ಇಲ್ಲವೆ ಕೊಡಲಿ. ಎಲ್ಲಿಗೆ ಬೇಕಾದರೂ ಹೋಗಬಹುದು, ಯಾರನ್ನು ಬೇಕಾದರೂ ಕೊಲ್ಲಬಹುದು. ಕಾರಣವೇನೆಂದು ಕೇಳಿದರೆ ಉತ್ತರವೂ ಸಿದ್ಧ: ಜಪಾನೀಯರು ಗುಂಪಿಗೆ ತಲೆಬಾಗುವ ಜನ, ಅಮೆರಿಕನ್ನರು ವ್ಯಕ್ತಿಸ್ವಾತಂತ್ರ್ಯದ ಜನ.

ಇಷ್ಟು ಸಲೀಸಾದ ವಿವರಣೆ ಸಿಕ್ಕಾಗ ನನಗೆ ಅನುಮಾನ ಬರುತ್ತದೆ. ಭಾರತೀಯರು ಅಧ್ಯಾತ್ಮದ ಜನ ಎಂಬ ಒಂದೇ ಮಾತಿನಿಂದ ನಮ್ಮ ಬಗ್ಗೆ ಎಷ್ಟು ಸಂಗತಿಗಳನ್ನು ಮುಚ್ಚಿಹಾಕಿಲ್ಲ! ಭೇದ ಇರುವುದು ನಿಜ. ಆದರೆ ಅದು ರಕ್ತದಿಂದ ಬಂದದ್ದಲ್ಲ. ಪೆಟ್ಟಿಗೆ, ಗುಂಡಿ, ಬೆಲೆ, ಓದುಗ ಇಂಥ ಸಾಮಾನ್ಯ ಸಂಗತಿಗಳಿಂದ ಬಂದದ್ದು ಎಂಬುದು ನನ್ನ ವಾದ. ಎಲ್ಲ ಬಗೆಯ ಆಟಗಳನ್ನು ತೆಗೆದುಕೊಂಡರೆ ಮಾತು ಚದುರಿಹೋಗುತ್ತದೆ. ಆದ್ದರಿಂದ ಒಂದೇ ಬಗೆಯನ್ನು ಹಿಡಿಯುತ್ತೇನೆ. ಇಂಗ್ಲಿಷಿನಲ್ಲಿ ಅದನ್ನು ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ನಾವು ಪಾತ್ರಧಾರಿ ಆಟ ಎನ್ನೋಣ. ಜಪಾನಿನದೂ ಪಶ್ಚಿಮದ್ದೂ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಆ ತಾಯಿಯ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸ್, ಮತ್ತು ಅವನ ಜೊತೆಗಾರ ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ ಆಟ ಅದು. ಪರದೆ ಇಲ್ಲ, ವಿದ್ಯುತ್ ಬೇಕಿಲ್ಲ. ಒಂದು ಮೇಜು, ಕಾಗದ, ಪೆನ್ಸಿಲು, ಇಪ್ಪತ್ತು ಮುಖದ ದಾಳ. ಒಬ್ಬನು ಸೂತ್ರಧಾರ, ಉಳಿದವರು ಒಬ್ಬ ಕತ್ತಿವರಸೆಯವನು, ಒಬ್ಬ ಮಾಟಗಾರ, ಒಬ್ಬ ಕಳ್ಳ. ಮುಂದೆ ಒಂದು ಬಾಗಿಲಿದೆ, ಒಳಗಿನಿಂದ ಉಸಿರಾಟದ ಸದ್ದು ಬರುತ್ತಿದೆ, ಏನು ಮಾಡುತ್ತೀರಿ ಎಂದು ಸೂತ್ರಧಾರ ಕೇಳುತ್ತಾನೆ. ಬಾಗಿಲು ಒದೆಯಬಹುದು, ಬೀಗದ ಕಿಂಡಿಯಲ್ಲಿ ಇಣುಕಬಹುದು, ಒಳಗಿರುವವನಿಗೆ ಊಟ ಬೇಕೆ ಎಂದು ಕೂಗಿ ಕೇಳಬಹುದು. ಸೂತ್ರಧಾರ ಮನುಷ್ಯನಾದ್ದರಿಂದ ಯಾವುದಕ್ಕಾದರೂ ಏನಾದರೊಂದು ಉತ್ತರ ಕೊಟ್ಟೇ ಕೊಡುತ್ತಾನೆ. ಈ ಆಟದ ಮೋಡಿಯೇ ಅದು.

ಈ ಮೋಡಿಗೆ ಬಿದ್ದ ವಿದ್ಯಾರ್ಥಿಗಳು ಸೂತ್ರಧಾರನ ಜಾಗದಲ್ಲಿ ಕಂಪ್ಯೂಟರನ್ನು ಕೂರಿಸಲು ಹೊರಟರು. 1981ರಲ್ಲಿ ಎರಡು ಆಟಗಳು ಬಂದವು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಮಾಡಿದ ‘ವಿಜರ್ಡ್ರಿ’ ಒಂದು, ಟೆಕ್ಸಾಸಿನ ಹುಡುಗ ರಿಚರ್ಡ್ ಗ್ಯಾರಿಯಟ್ ಮಾಡಿದ ‘ಅಲ್ಟಿಮಾ’ ಇನ್ನೊಂದು. ಎರಡೂ ‘ಆಪಲ್ 2’ ಕಂಪ್ಯೂಟರಿಗಾಗಿ ಮಾಡಿದವು. 1977ರಲ್ಲಿ ಆ ಯಂತ್ರ ಬಂದಾಗ ಅದರ ಬೆಲೆ 1298 ಡಾಲರ್. ಅದನ್ನು ಕೊಂಡವರು ಎಂಜಿನಿಯರುಗಳು, ಮೇಷ್ಟ್ರುಗಳು, ಉಳ್ಳವರ ಮಕ್ಕಳು. ಅದಕ್ಕೆ ಪೂರ್ಣ ಕೀಲಿಮಣೆಯಿತ್ತು. ಅಲ್ಟಿಮಾ ಸರಣಿಯ ಆಟಗಳಲ್ಲಿ ಇಂಗ್ಲಿಷ್ ವರ್ಣಮಾಲೆಯ ಬಹುತೇಕ ಪ್ರತಿ ಅಕ್ಷರಕ್ಕೂ ಒಂದೊಂದು ಕೆಲಸ: ಒಂದನ್ನು ಒತ್ತಿದರೆ ಹೊಡೆ, ಇನ್ನೊಂದನ್ನು ಒತ್ತಿದರೆ ದೋಣಿ ಹತ್ತು, ಮತ್ತೊಂದಕ್ಕೆ ಮಾತನಾಡು. ಜೊತೆಗೆ ದಪ್ಪ ಕೈಪಿಡಿ, ಬಟ್ಟೆಯ ಮೇಲೆ ಮುದ್ರಿಸಿದ ನಕ್ಷೆ. ಓದಿ, ಗುರುತು ಹಾಕಿಕೊಂಡು, ವಾರಗಟ್ಟಲೆ ತಲೆಕೆಡಿಸಿಕೊಳ್ಳುವವನಿಗೆಂದು ಮಾಡಿದ ಆಟ.

ಇಲ್ಲಿಂದ ಜಪಾನಿಗೆ ದಾಟುವ ಸೇತುವೆಯ ಮೇಲೆ ಮೊದಲು ಕಾಣುವವನು ಜಪಾನೀಯನಲ್ಲ. ಹೆಂಕ್ ರೋಜರ್ಸ್ ಹಾಲೆಂಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಹವಾಯಿಯಲ್ಲಿ ಓದುವಾಗ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಚಟ ಹತ್ತಿಸಿಕೊಂಡವನು. 1984ರಲ್ಲಿ ಅವನು ಜಪಾನಿನಲ್ಲಿ ‘ದಿ ಬ್ಲ್ಯಾಕ್ ಆನಿಕ್ಸ್’ ಎಂಬ ಆಟ ತಂದ. ಪಾತ್ರಧಾರಿ ಆಟವೆಂದರೆ ಏನೆಂದು ಅಲ್ಲಿ ಹೆಚ್ಚಿನವರಿಗೆ ತಿಳಿಯದು. ಅವನು ಪತ್ರಿಕಾ ಕಚೇರಿಗಳಿಗೆ ತಾನೇ ಹೋಗಿ ಆಡಿ ತೋರಿಸಿದ. ಆಮೇಲೆ ಆಟ ಚೆನ್ನಾಗಿ ಮಾರಾಟವಾಯಿತು. ಜಪಾನಿನ ‘ಅಪ್ಪಟ ದೇಶೀಯ ಶೈಲಿ’ಯ ಮೂಲ ಹುಡುಕುತ್ತ ಹೋದವರಿಗೆ ಹೀಗೆ ಒಬ್ಬ ಡಚ್ಚನು ಎದುರಾಗುತ್ತಾನೆ.

ಇನ್ನು ಯುಜಿ ಹೋರಿಯೀ. ಈತ ಎಂಜಿನಿಯರನಲ್ಲ, ಬರಹಗಾರ. ಹುಡುಗರು ಮುಗಿಬಿದ್ದು ಓದುವ ‘ಶೋನೆನ್ ಜಂಪ್’ ಎಂಬ ಮಂಗಾ ವಾರಪತ್ರಿಕೆಗೆ ಅಂಕಣ ಬರೆಯುತ್ತಿದ್ದವನು. ಮಂಗಾ ಎಂದರೆ ಜಪಾನಿನ ಚಿತ್ರಕಥೆ. ಎನಿಕ್ಸ್ ಎಂಬ ಪ್ರಕಾಶನ ಸಂಸ್ಥೆಯ ಸ್ಪರ್ಧೆಯಲ್ಲಿ ಗೆದ್ದು, 1983ರಲ್ಲಿ ಅಮೆರಿಕದ ಆಪಲ್ ಮೇಳಕ್ಕೆ ಹೋದಾಗ ಅವನು ವಿಜರ್ಡ್ರಿ ಕಂಡ, ಮರುಳಾದ. ಇದನ್ನು ನಮ್ಮ ಮಕ್ಕಳಿಗೆ ಹೇಗೆ ದಾಟಿಸುವುದು ಎಂಬುದೇ ಅವನ ಮುಂದಿದ್ದ ಪ್ರಶ್ನೆ. ಆ ಮಕ್ಕಳ ಮನೆಯಲ್ಲಿ ಇದ್ದದ್ದು ಕಂಪ್ಯೂಟರಲ್ಲ, ‘ಫ್ಯಾಮಿಕಾಮ್’. 1983ರ ಜುಲೈಯಲ್ಲಿ ನಿಂಟೆಂಡೋ ತಂದ, ಟಿವಿಗೆ ಸಿಕ್ಕಿಸುವ ಪೆಟ್ಟಿಗೆ ಅದು. ಬೆಲೆ 14,800 ಯೆನ್. (ನಿಂಟೆಂಡೋ 1889ರಲ್ಲಿ ಕ್ಯೋಟೋದಲ್ಲಿ ಹೂವಿನ ಚಿತ್ರದ ಇಸ್ಪೀಟೆಲೆ ತಯಾರಿಸಲು ಶುರುವಾದ ಅಂಗಡಿ. ಆಟಿಕೆಯ ವ್ಯಾಪಾರವೇ ಅದರ ಕುಲಕಸುಬು.) ಫ್ಯಾಮಿಕಾಮ್‌ಗೆ ಕೀಲಿಮಣೆ ಬರುತ್ತಿರಲಿಲ್ಲ. ಕೈಗೆ ಕೊಡುತ್ತಿದ್ದುದು ಅಧಿಕ ಚಿಹ್ನೆಯ ಆಕಾರದ ಒಂದು ದಿಕ್ಕುಗುಂಡಿ, ಎರಡು ಒತ್ತುಗುಂಡಿ, ಪ್ರಾರಂಭಕ್ಕೆ ಆಯ್ಕೆಗೆ ಇನ್ನೆರಡು ಸಣ್ಣವು. ಅಷ್ಟೇ.

ಇಪ್ಪತ್ತಾರು ಅಕ್ಷರಗಳ ಆಟವನ್ನು ಎರಡು ಗುಂಡಿಗೆ ಇಳಿಸುವುದು ಹೇಗೆ? ಹೋರಿಯೀ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಕಿಟಕಿ ತೆರೆದು ಅದರಲ್ಲಿ ಕೆಲವೇ ಮಾತುಗಳನ್ನು ಇಟ್ಟ: ಮಾತಾಡು, ಹುಡುಕು, ಬಾಗಿಲು ತೆರೆ. ಮೇಲಿನಿಂದ ನೋಡುವ ಊರು ಕಾಡುಗಳ ನಕ್ಷೆಯನ್ನು ಅಲ್ಟಿಮಾದಿಂದ ತೆಗೆದುಕೊಂಡ. ಶತ್ರುವಿನ ಮುಖಕ್ಕೆ ಮುಖ ಕೊಟ್ಟು ಸರದಿಯ ಮೇಲೆ ಹೊಡೆದಾಡುವ ಕಾಳಗವನ್ನು ವಿಜರ್ಡ್ರಿಯಿಂದ. 1986ರ ಮೇ 27ರಂದು ಡ್ರ್ಯಾಗನ್ ಕ್ವೆಸ್ಟ್ ಮಾರುಕಟ್ಟೆಗೆ ಬಂತು. ಇಡೀ ಆಟ, ಅಂದರೆ ಊರು, ಅರಮನೆ, ರಾಕ್ಷಸರು, ಸಂಗೀತ, ಮಾತುಕತೆ ಎಲ್ಲ ಸೇರಿ 64 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋಕ್ಕೆ ಅದರ ಹಲವು ಪಟ್ಟು ಜಾಗ ಬೇಕು. ಚೀನೀ ಮೂಲದ ಚಿತ್ರಾಕ್ಷರಗಳಿಗೆ ಅದರಲ್ಲಿ ಎಡೆಯಿಲ್ಲ. ಮಕ್ಕಳು ಮೊದಲು ಕಲಿಯುವ ಕಾನಾ ಅಕ್ಷರಗಳಲ್ಲೇ ಎಲ್ಲ ಮಾತನ್ನೂ ಬರೆಯಬೇಕು. ಆಟವನ್ನು ಅರ್ಧಕ್ಕೆ ನಿಲ್ಲಿಸಿದರೆ ನೆನಪಿಟ್ಟುಕೊಳ್ಳುವ ವ್ಯವಸ್ಥೆಯೂ ಇರಲಿಲ್ಲ. ಪರದೆಯ ಮೇಲೆ ಇಪ್ಪತ್ತು ಅಕ್ಷರಗಳ ಒಂದು ‘ಮಂತ್ರ’ ಬರುತ್ತಿತ್ತು. ಅದನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ಮರುದಿನ ಒತ್ತಿದರೆ ನಿಂತಲ್ಲಿಂದ ಶುರು. ಒಂದಕ್ಷರ ತಪ್ಪಿ ಬರೆದ ಹುಡುಗನ ಗತಿಯನ್ನು ನೀವೇ ಊಹಿಸಿ.

ಹೀಗೆ ಜಾಗ ಕಡಮೆ, ಗುಂಡಿ ಎರಡು, ಆಡುವವನು ಹನ್ನೆರಡು ವರ್ಷದವನು. ಎಲ್ಲಿಗಾದರೂ ಹೋಗು, ಏನಾದರೂ ಮಾಡು ಎಂದು ಅವನಿಗೆ ಹೇಳಿದರೆ ದಾರಿ ತಪ್ಪಿ ಕೈಬಿಡುತ್ತಾನೆ. ಅದರ ಬದಲು ಒಂದು ಕಥೆ ಹೇಳಿ, ಅವನನ್ನು ಕೈಹಿಡಿದು ನಡೆಸಬೇಕು. ವಾರವಾರ ಕಂತು ಕಂತಾಗಿ ಕಥೆ ಬಡಿಸುವ ವಿದ್ಯೆ ಶೋನೆನ್ ಜಂಪ್‌ನವರಿಗೆ ಕರಗತವಾಗಿತ್ತು. ಜಪಾನೀ ಶೈಲಿ ಎಂದು ನಾವು ಕರೆಯುವುದರ ಅರ್ಧಪಾಲು ಇಲ್ಲಿಯೇ ಇದೆ ಎಂಬುದು ನನ್ನ ಎಣಿಕೆ.

ಉಳಿದರ್ಧ ಚಿತ್ರದಲ್ಲಿದೆ. ವಿಜರ್ಡ್ರಿಯಲ್ಲಿ ‘ಸ್ಲೈಮ್’ ಎಂಬೊಂದು ಪ್ರಾಣಿಯಿದೆ: ಲೋಳೆಲೋಳೆಯಾದ, ನೋಡಿದರೆ ವಾಕರಿಕೆ ಬರುವ ಮುದ್ದೆ. ಹೋರಿಯೀ ಅದನ್ನೇ ಕರಗಿದ ಗುಪ್ಪೆಯಂತೆ ಗೀಚಿ, ‘ಡ್ರ್ಯಾಗನ್ ಬಾಲ್’ ಖ್ಯಾತಿಯ ಮಂಗಾ ಕಲಾವಿದ ಅಕಿರಾ ತೊರಿಯಾಮನ ಕೈಗೆ ಕೊಟ್ಟ. ತೊರಿಯಾಮ ಅದನ್ನು ಒಂದು ನೀಲಿ ಹನಿಯಾಗಿ ಬರೆದು, ಎರಡು ದುಂಡು ಕಣ್ಣಿಟ್ಟು, ಬಾಯಗಲಿಸಿ ನಗಿಸಿದ. ಇವತ್ತಿಗೂ ಜಪಾನಿನಲ್ಲಿ ಆ ನಗುವ ಹನಿ ದಿಂಬಾಗಿ, ಮಿಠಾಯಿಯಾಗಿ ಮಾರಾಟವಾಗುತ್ತದೆ. ಹೊಡೆಯಲು ಬರುವ ಶತ್ರುವೂ ಮುದ್ದಾಗಿರಬೇಕೆಂಬುದು ಜಪಾನಿನ ಪುರಾತನ ಸಂಸ್ಕೃತಿಯೇನಲ್ಲ. ಒಬ್ಬ ಚಿತ್ರಕಾರನ ಕೈಗುಣ. ಯಂತ್ರದ ಮಿತಿಯೂ ಹೀಗೆಯೇ ಮುಖಗಳನ್ನು ಕಡೆದಿದೆ. ಮಾರಿಯೋಗೆ ಟೋಪಿ ಬಂದದ್ದು ಕೆಲವೇ ಚುಕ್ಕೆಗಳಲ್ಲಿ ಕೂದಲು ಬರೆಯುವುದು ಕಷ್ಟವಾಗಿದ್ದರಿಂದ, ಮೀಸೆ ಬಂದದ್ದು ಬಾಯಿ ಬರೆಯುವುದು ತಪ್ಪಲಿ ಎಂದು. ಅವನನ್ನು ಸೃಷ್ಟಿಸಿದ ಶಿಗೆರು ಮಿಯಾಮೊಟೊ ಕೂಡ ಮಂಗಾ ಕಲಾವಿದನಾಗಬೇಕೆಂದು ಹಂಬಲಿಸಿದ್ದವನೇ.

ಈಗ ರಾಜಕುಮಾರಿಯ ವಿಷಯಕ್ಕೆ ಬರುತ್ತೇನೆ. ಡ್ರ್ಯಾಗನ್ ಕ್ವೆಸ್ಟಿನಲ್ಲಿ ನಾಯಕನು ಸೆರೆಯಲ್ಲಿದ್ದ ರಾಜಕುಮಾರಿಯನ್ನು ಬಿಡಿಸುತ್ತಾನೆ. ನನ್ನನ್ನು ಅರಮನೆಗೆ ಕರೆದೊಯ್ಯುವಿರಾ ಎಂದು ಆಕೆ ಕೇಳುತ್ತಾಳೆ. ಪರದೆಯಲ್ಲಿ ಎರಡು ಉತ್ತರಗಳು: ಹೌದು, ಇಲ್ಲ. ‘ಇಲ್ಲ’ ಒತ್ತಿದರೆ, ಅಯ್ಯೋ ಎಂಥ ಕಠೋರ ಎಂಬರ್ಥದ ಮಾತಾಡಿ ಮತ್ತೆ ಅದೇ ಪ್ರಶ್ನೆ. ಇನ್ನೊಮ್ಮೆ ‘ಇಲ್ಲ’ ಎನ್ನಿ, ಮತ್ತೆ ಅದೇ. ನೂರು ಸಲ ಒತ್ತಿದರೂ ಅಷ್ಟೇ. ‘ಹೌದು’ ಎನ್ನುವ ತನಕ ಆಕೆ ಬಿಡುವವಳಲ್ಲ. 1989ರಲ್ಲಿ ಈ ಆಟ ‘ಡ್ರ್ಯಾಗನ್ ವಾರಿಯರ್’ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋದಾಗ, ಕೇಳುವುದಕ್ಕೆ ಹೋಗಿ ಒಪ್ಪಿಕೊಳ್ಳದೆ ವಿಧಿಯಿಲ್ಲ ಎನ್ನುವ ಈ ಆಯ್ಕೆ ಅಲ್ಲಿನವರಿಗೆ ನಗೆಪಾಟಲಾಯಿತು. ಇಂಗ್ಲಿಷಿನಲ್ಲಿ ರಾಜಕುಮಾರಿ ಆಡಿದ ಮಾತು ಗಾದೆಯೇ ಆಗಿಹೋಯಿತು. ಅನುವಾದಕರು ಇನ್ನೊಂದು ಕೆಲಸ ಮಾಡಿದ್ದರು: ಮಕ್ಕಳ ಸರಳ ಮಾತಿನಲ್ಲಿದ್ದ ಆಟವನ್ನು ಶೇಕ್ಸ್‌ಪಿಯರನ ಕಾಲದ ಇಂಗ್ಲಿಷಿಗೆ ತಿರುಗಿಸಿದ್ದರು, ನಮ್ಮ ಚಂದಮಾಮದ ಕಥೆಯನ್ನು ಯಾರೋ ಹಳಗನ್ನಡಕ್ಕೆ ತಿರುಗಿಸಿದಂತೆ. ಕೈಪಿಡಿಯಲ್ಲಿ ತೊರಿಯಾಮನ ಮುದ್ದು ಚಿತ್ರಗಳ ಬದಲು ಪಾಶ್ಚಾತ್ಯ ವೀರಗಾಥೆಗಳ ಧಾಟಿಯ ಚಿತ್ರಗಳು.

ಹೋರಿಯೀಯ ರಾಜಕುಮಾರಿಯನ್ನು ಕಂಡು ‘ಜಪಾನೀ ವಿಧೇಯತೆ’ ಎಂದವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅದು ಒಂದು ಹಾಸ್ಯ. ಹುಡುಗ ಬೇಕೆಂದೇ ‘ಇಲ್ಲ’ ಒತ್ತಿ ನೋಡುತ್ತಾನೆಂದು ಬರೆದವನಿಗೆ ಗೊತ್ತು. ಒತ್ತಿದಾಗ ಆಕೆ ಮುನಿಸು ತೋರಿಸುತ್ತಾಳೆ, ಹುಡುಗ ನಗುತ್ತಾನೆ. ಕಥೆ ಬದಲಾಗುವುದಿಲ್ಲ ಎಂಬುದು ಇಬ್ಬರಿಗೂ ತಿಳಿದ ಸಂಗತಿ. ಕರ್ಣ ಸಾಯುತ್ತಾನೆಂದು ತಿಳಿದೇ ನಾವು ತಾಳಮದ್ದಲೆಗೆ ಹೋಗುವುದಿಲ್ಲವೆ? ಅವನನ್ನು ಬದುಕಿಸುವ ಹಕ್ಕು ಬೇಕೆಂದು ಅಲ್ಲಿ ಯಾರೂ ಜಗಳ ತೆಗೆಯುವುದಿಲ್ಲ.

ಪಶ್ಚಿಮದ ದಾರಿಯಲ್ಲಿ ಈ ಹಕ್ಕೇ ಮುಖ್ಯ ಪ್ರಶ್ನೆಯಾಯಿತು. ಅಲ್ಟಿಮಾದ ಗ್ಯಾರಿಯಟ್‌ಗೆ ಒಂದು ವಿಷಯ ಚುಚ್ಚುತ್ತಿತ್ತು. ಲೋಕವನ್ನು ಉಳಿಸಲು ಹೊರಟ ಆಟಗಾರರು ದಾರಿಯಲ್ಲಿ ಅಂಗಡಿಯವರನ್ನು ದೋಚುತ್ತ, ಅಮಾಯಕರನ್ನು ಕೊಲ್ಲುತ್ತ ಗೆಲ್ಲುತ್ತಿದ್ದರು. ಅವನು 1985ರಲ್ಲಿ ‘ಅಲ್ಟಿಮಾ 4: ಕ್ವೆಸ್ಟ್ ಆಫ್ ದಿ ಅವತಾರ್’ ಬರೆದ. ಇದರಲ್ಲಿ ಕೊನೆಗೆ ಕೊಲ್ಲಬೇಕಾದ ಖಳನೇ ಇಲ್ಲ. ಸತ್ಯ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳನ್ನು ಸಾಧಿಸಿದವನೇ ‘ಅವತಾರ’. ಕುರುಡಿ ವ್ಯಾಪಾರಿಗೆ ಸರಿಯಾದ ಬೆಲೆ ಕೊಡದೆ ಮೋಸ ಮಾಡಿದರೆ ಕಂಪ್ಯೂಟರು ಗುಟ್ಟಾಗಿ ಲೆಕ್ಕವಿಟ್ಟುಕೊಳ್ಳುತ್ತದೆ. ಶಬ್ದ ನಮ್ಮದೇ, ಹಿಂದೂ ಪುರಾಣದ್ದು. ಆದರೆ ದಿಕ್ಕು ತಿರುಗಿದೆ. ನಮ್ಮಲ್ಲಿ ಅವತಾರವೆಂದರೆ ದೇವರು ಕೆಳಗೆ ಇಳಿದು ಬರುವುದು. ಟೆಕ್ಸಾಸಿನವನ ಕೈಯಲ್ಲಿ ಅದು ಮನುಷ್ಯ ಮೇಲೆ ಏರಿ ಹೋಗುವುದು. ಆಟಗಾರನು ಪರದೆಯೊಳಗೆ ತೊಡುವ ರೂಪಕ್ಕೆ ‘ಅವತಾರ್’ ಎನ್ನುವ ರೂಢಿ ಬಲಿಯಲು ಈ ಆಟವೂ ಒಂದು ಕಾರಣ.

ಈ ಎರಡು ದಾರಿಗಳು ಎಷ್ಟು ದೂರ ಸರಿದವೆಂದು ನೋಡಲು 1997ನೇ ಇಸವಿಯೇ ಸಾಕು. ಆ ವರ್ಷದ ಜನವರಿ 31ರಂದು ಜಪಾನಿನ ಸ್ಕ್ವೇರ್ ಸಂಸ್ಥೆಯ ‘ಫೈನಲ್ ಫ್ಯಾಂಟಸಿ 7’ ಬಂತು. ಮೂರು ಸಿಡಿಗಳ ಆಟ. ಮೊದಲ ಸಿಡಿ ಮುಗಿಯುವಲ್ಲಿ, ಹೂ ಮಾರುವ ಹುಡುಗಿ ಏರಿತ್ ಪ್ರಾರ್ಥನೆಗೆ ಕುಳಿತಿರುವಾಗ, ಸೆಫಿರೋತ್ ಮೇಲಿನಿಂದ ಇಳಿದು ಬಂದು ಕತ್ತಿಯಿಂದ ಅವಳನ್ನು ಇರಿದು ಕೊಲ್ಲುತ್ತಾನೆ. ಅಷ್ಟು ಹೊತ್ತಿಗೆ ಆಟಗಾರನು ಅವಳೊಂದಿಗೆ ಹತ್ತಾರು ಗಂಟೆ ಕಳೆದಿರುತ್ತಾನೆ, ಅವಳಿಗೆ ಆಯುಧ ಕೊಡಿಸಿರುತ್ತಾನೆ, ವಿದ್ಯೆ ಕಲಿಸಿರುತ್ತಾನೆ. ಎಲ್ಲ ವ್ಯರ್ಥ. ಏರಿತಳನ್ನು ಬದುಕಿಸುವ ಗುಪ್ತ ಉಪಾಯವಿದೆಯೆಂಬ ವದಂತಿಗಳು ವರ್ಷಗಟ್ಟಲೆ ಹಬ್ಬಿದವು. ಇಂತಿಂಥ ಜಾಗದಲ್ಲಿ ಇಂತಿಂಥದ್ದು ಮಾಡಿ ಎಂಬ ಪಟ್ಟಿಗಳು ಕೈಯಿಂದ ಕೈಗೆ ಹೋದವು. ಉಪಾಯ ಇರಲಿಲ್ಲ.

ಅದೇ ವರ್ಷ ಅಮೆರಿಕದಲ್ಲಿ ‘ಫಾಲ್‌ಔಟ್’ ಬಂತು. ಅಣುಯುದ್ಧದ ನಂತರದ ಬೆಂಗಾಡಿನ ಕಥೆ. ಅದರ ಖಳ ‘ಮಾಸ್ಟರ್’ ಎಲ್ಲ ಮನುಷ್ಯರನ್ನೂ ವಿಕೃತ ದೈತ್ಯರಾಗಿ ಮಾರ್ಪಡಿಸಿ, ಭೇದವೇ ಇಲ್ಲದ ಹೊಸ ಕುಲವೊಂದನ್ನು ಕಟ್ಟಲು ಹೊರಟಿದ್ದಾನೆ. ಅವನನ್ನು ಬಂದೂಕಿನಿಂದ ಕೊಲ್ಲಬಹುದು. ಕೊಲ್ಲದೆಯೂ ಇರಬಹುದು. ದಾರಿಯಲ್ಲಿ ಸರಿಯಾದ ದಾಖಲೆ ಸಂಗ್ರಹಿಸಿ, ಮಾತಿನ ಚಾತುರ್ಯ ಬೆಳೆಸಿಕೊಂಡಿದ್ದರೆ, ಅವನ ಮುಂದೆ ನಿಂತು ‘ನಿನ್ನ ದೈತ್ಯರಿಗೆ ಸಂತಾನಶಕ್ತಿಯಿಲ್ಲ, ನಿನ್ನ ಹೊಸ ಕುಲ ಒಂದೇ ತಲೆಮಾರಿಗೆ ಮುಗಿಯುತ್ತದೆ’ ಎಂದು ರುಜುವಾತು ಪಡಿಸಬಹುದು. ತಾನು ಮಾಡಿದ ಹಿಂಸೆಯೆಲ್ಲ ನಿರರ್ಥಕವೆಂದು ಅರಿತ ಅವನು ತನ್ನನ್ನೂ ತನ್ನ ಕೋಟೆಯನ್ನೂ ತಾನೇ ನಾಶಮಾಡಿಕೊಳ್ಳುತ್ತಾನೆ. ಒಂದೂ ಗುಂಡು ಹಾರದೆ, ವಾದದಿಂದ ಗೆಲ್ಲುವ ಅಂತ್ಯ. ಒಂದರಲ್ಲಿ ಆಟಗಾರ ಏನು ಮಾಡಿದರೂ ಸಾವು ನಿಲ್ಲದು. ಇನ್ನೊಂದರಲ್ಲಿ ಏನು ಮಾಡುತ್ತಾನೆ ಎಂಬುದರಿಂದಲೇ ಕಥೆ ಹುಟ್ಟುತ್ತದೆ. ಯಾವುದು ಮೇಲು ಎಂದು ಕೇಳಬೇಡಿ. ಏರಿತಳನ್ನು ಬದುಕಿಸುವ ಗುಂಡಿಯೊಂದಿದ್ದರೆ ಇಷ್ಟು ವರ್ಷದ ಮೇಲೆ ಯಾರೂ ಅವಳಿಗಾಗಿ ಮರುಗುತ್ತಿರಲಿಲ್ಲ. ಮಾಸ್ಟರನೊಂದಿಗೆ ವಾದಿಸುವ ಅವಕಾಶ ಇಲ್ಲದಿದ್ದರೆ ಫಾಲ್‌ಔಟನ್ನು ಯಾರೂ ನೆನೆಯುತ್ತಿರಲಿಲ್ಲ.

ಹಾಗಾದರೆ ಸಂಸ್ಕೃತಿಗೆ ಪಾಲೇ ಇಲ್ಲವೆ ಎಂದು ಕೇಳುತ್ತೀರಿ. ಇದೆ. ಆದರೆ ಜನಸ್ವಭಾವ ಎಂಬ ಮೋಡದಲ್ಲಲ್ಲ. ಕಲಿತ ವಿದ್ಯೆಯಲ್ಲಿ, ಅನುಭವಿಸಿದ ಗಾಯದಲ್ಲಿ. ಮಾರಿಯೋ ಆಟಗಳನ್ನು ರೂಪಿಸಿದ ಕೊಯಿಚಿ ಹಯಾಶಿದಾ, ತಾವು ಪ್ರತಿಯೊಂದು ಹಂತವನ್ನೂ ‘ಕಿಶೋತೆಂಕೆತ್ಸು’ ಎಂಬ ನಾಲ್ಕು ಮೆಟ್ಟಿಲ ಕ್ರಮದಲ್ಲಿ ಕಟ್ಟುತ್ತೇವೆಂದು ಹೇಳಿದ್ದಾರೆ: ಪರಿಚಯ, ಬೆಳವಣಿಗೆ, ತಿರುವು, ಮುಕ್ತಾಯ. ಚೀನಾದ ನಾಲ್ಕು ಸಾಲಿನ ಪದ್ಯದಿಂದ ಜಪಾನಿಗೆ ಬಂದು, ಪತ್ರಿಕೆಗಳ ನಾಲ್ಕು ಚೌಕದ ವ್ಯಂಗ್ಯಚಿತ್ರದಲ್ಲಿ ನೆಲೆಸಿದ ಕ್ರಮ ಅದು. ಹೊಸದೊಂದು ಹಲಗೆಯನ್ನು ಮೊದಲು ಬಿದ್ದರೂ ಅಪಾಯವಿಲ್ಲದ ಕಡೆ ತೋರಿಸುತ್ತಾರೆ, ಆಮೇಲೆ ಕಂದರದ ಮೇಲೆ, ಆಮೇಲೆ ಅದನ್ನೇ ತಲೆಕೆಳಗು ಮಾಡಿ, ಕೊನೆಗೆ ಆಟಗಾರ ಕಲಿತದ್ದನ್ನು ಮೆರೆಯಲು ಒಂದು ಅವಕಾಶ. ಒಂದು ಮಾತಿನ ಸೂಚನೆಯೂ ಬೇಕಿಲ್ಲ.

ಗಾಯದ ಮಾತು. 2008ರಲ್ಲಿ ‘ಫಾಲ್‌ಔಟ್ 3’ ಬಂತು. ಅದರಲ್ಲಿ ಮೆಗಾಟನ್ ಎಂಬ ಊರಿನ ನಡುವೆ ಸಿಡಿಯದ ಅಣುಬಾಂಬೊಂದು ಬಿದ್ದಿದೆ. ಆಟಗಾರ ಬೇಕಾದರೆ ಅದನ್ನು ನಿಷ್ಕ್ರಿಯಗೊಳಿಸಬಹುದು, ಬೇಕಾದರೆ ಹಣ ತೆಗೆದುಕೊಂಡು ಸಿಡಿಸಿ ಊರನ್ನೇ ಬೂದಿ ಮಾಡಬಹುದು. ಪಶ್ಚಿಮದ ‘ಆಯ್ಕೆಯ ಸ್ವಾತಂತ್ರ್ಯ’ದ ತುತ್ತತುದಿ ಇದು. ಜಪಾನಿನ ಆವೃತ್ತಿಯಲ್ಲಿ ಸಿಡಿಸುವ ಆಯ್ಕೆಯನ್ನು ತೆಗೆದುಹಾಕಿದರು. ಆಟದಲ್ಲಿದ್ದ ‘ಫ್ಯಾಟ್ ಮ್ಯಾನ್’ ಎಂಬ ಆಯುಧದ ಹೆಸರನ್ನೂ ಬದಲಿಸಿದರು. 1945ರ ಆಗಸ್ಟ್ 9ರಂದು ನಾಗಾಸಾಕಿಯ ಮೇಲೆ ಬಿದ್ದ ಬಾಂಬಿನ ಹೆಸರು ಅದು. ಇದೇ ಆಟ ನಮ್ಮ ದೇಶಕ್ಕೂ ಬರಲಿಲ್ಲ. ಸಾಂಸ್ಕೃತಿಕ ಸೂಕ್ಷ್ಮತೆಯ ಕಾರಣ ಭಾರತದಲ್ಲಿ ಬಿಡುಗಡೆ ಮಾಡುವುದಿಲ್ಲವೆಂದು ಮೈಕ್ರೋಸಾಫ್ಟ್ ಆ ವರ್ಷದ ಅಕ್ಟೋಬರಿನಲ್ಲಿ ಹೇಳಿತು, ಹೆಚ್ಚಿನ ವಿವರ ಕೊಡಲಿಲ್ಲ. ಆಟದೊಳಗಿನ ಎರಡು ತಲೆಯ ಹಸುಗಳಿಗೆ ‘ಬ್ರಾಹ್ಮಿನ್’ ಎಂದು ಹೆಸರಿಟ್ಟದ್ದೇ ಕಾರಣವೆಂದು ಜನ ಊಹಿಸಿದರು. ಜಪಾನಿನಲ್ಲಿ ನೆನಪಿನ ನೋವು. ಇಲ್ಲಿ ಬಹುಶಃ ಒಂದು ಹೆಸರಿನ ಅಂಜಿಕೆ. ಎರಡನ್ನೂ ‘ಸಂಸ್ಕೃತಿ’ ಎಂಬ ಒಂದೇ ಚೀಲಕ್ಕೆ ತುಂಬುವುದು ನನಗೆ ಒಪ್ಪಿಗೆಯಿಲ್ಲ.

ಮಾರಾಟಗಾರರು ಕಲ್ಪಿಸಿಕೊಂಡ ಸಂಸ್ಕೃತಿ ಎಂಬ ಇನ್ನೊಂದು ಬಗೆಯೂ ಇದೆ. ನಿಂಟೆಂಡೋದ ‘ಕರ್ಬಿ’ ಎಂಬ ಗುಲಾಬಿ ಬಣ್ಣದ ಉಂಡೆ ಜಪಾನಿನ ಪೊಟ್ಟಣದ ಮೇಲೆ ಮುಗ್ಧವಾಗಿ ನಗುತ್ತದೆ. ಅದೇ ಉಂಡೆ ಅಮೆರಿಕದ ಎಷ್ಟೋ ಪೊಟ್ಟಣಗಳ ಮೇಲೆ ಹುಬ್ಬು ಗಂಟಿಕ್ಕಿ ಸಿಟ್ಟಿನಿಂದ ನೋಡುತ್ತದೆ. ಒಳಗಿರುವ ಆಟ ಒಂದೇ. ಮುದ್ದಾದದ್ದನ್ನು ಅಮೆರಿಕದ ಹುಡುಗರು ಕೊಳ್ಳುವುದಿಲ್ಲ ಎಂಬುದು ಮಾರುವವರ ತೀರ್ಮಾನ. ಆ ಹುಡುಗರನ್ನು ಯಾರು ಕೇಳಿದ್ದರೋ!

ಹೀಗೆ ಅಂಟಿದ ಚೀಟಿಗಳು ನೋವನ್ನೂ ಕೊಡುತ್ತವೆ. ಪಶ್ಚಿಮದ ವಿಮರ್ಶಕರು ‘ಜಪಾನೀ ಪಾತ್ರಧಾರಿ ಆಟ’ ಎಂದು ಬೇರೆ ಪಂಕ್ತಿ ಹಾಕಿದರು, ಇಂಗ್ಲಿಷಿನಲ್ಲಿ ‘ಜೆಆರ್‌ಪಿಜಿ’. ‘ಫೈನಲ್ ಫ್ಯಾಂಟಸಿ 16’ರ ನಿರ್ಮಾಪಕ ನಾವೊಕಿ ಯೊಶಿದಾ 2023ರಲ್ಲಿ ಇದರ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದರು: ಆ ಹೆಸರು ಮೊದಲು ಕಿವಿಗೆ ಬಿದ್ದಾಗ ತಮ್ಮಂಥವರಿಗೆ ಅದು ತಾರತಮ್ಯದಂತೆ ಕೇಳಿಸಿತು, ತಾವು ಮಾಡಲು ಹೊರಟದ್ದು ಪಾತ್ರಧಾರಿ ಆಟವನ್ನೇ ಹೊರತು ‘ಜಪಾನೀ’ ಆಟವನ್ನಲ್ಲ ಎಂದು. ಆ ಹೆಸರನ್ನು ಹಳತು, ಬಾಲಿಶ ಎಂಬರ್ಥದಲ್ಲಿ ಬಳಸಿದ ವರ್ಷಗಳಿದ್ದವು. 2009ರಲ್ಲಿ ಟೋಕಿಯೋದ ಗೇಮ್ ಮೇಳದಲ್ಲಿ ಕ್ಯಾಪ್ಕಾಮ್ ಸಂಸ್ಥೆಯ ಕೆಯಿಜಿ ಇನಾಫುನೆ, ಜಪಾನಿನ ಆಟದ ಉದ್ಯಮದ ಕಥೆ ಮುಗಿಯಿತೆಂದು ತಾವೇ ಸಾರಿದ್ದರು. ಚೀಟಿಗಳೋ, ಅಂಟಿಸಿದ ಜಾಗದಲ್ಲಿ ನಿಲ್ಲುವುದಿಲ್ಲ. ಅಮೆರಿಕದ ‘ದಿ ಲಾಸ್ಟ್ ಆಫ್ ಅಸ್’ (2013) ಆಟದ ಅಂತ್ಯದಲ್ಲಿ ಆಟಗಾರನಿಗೆ ಯಾವ ಆಯ್ಕೆಯೂ ಇಲ್ಲ. ನಾಯಕ ಮಾಡುವ ತಪ್ಪನ್ನು ನಾವೇ ನಮ್ಮ ಕೈಯಾರೆ ಮಾಡಬೇಕು. 2025ರಲ್ಲಿ ಫ್ರಾನ್ಸಿನ ಮೋಂಪೆಲಿಯೆ ನಗರದ ತಂಡವೊಂದು ತಂದ ‘ಕ್ಲೇರ್ ಆಬ್ಸ್‌ಕ್ಯೂರ್’ ಆಟದ ಕಾಳಗ, ಕಥೆ, ಶೋಕ ಎಲ್ಲವೂ ಫೈನಲ್ ಫ್ಯಾಂಟಸಿಯ ವಂಶದವು. ಇನ್ನು ನಮ್ಮ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ 1997ರಲ್ಲಿ ಆರಂಭವಾಗಿ ಪಶ್ಚಿಮದ ದೊಡ್ಡ ಆಟಗಳಿಗೆ ಚಿತ್ರ ಬರೆದುಕೊಡುತ್ತಿತ್ತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡಿತು. ‘ಪಾಶ್ಚಾತ್ಯ ಶೈಲಿ’ ಎಂದು ನಾವು ಹೇಳುವುದರಲ್ಲಿ ಎಷ್ಟೋ ರೇಖೆಗಳನ್ನು ಎಳೆದವರು ನಮ್ಮ ನಡುವೆಯೇ ಬಸ್ಸಿಗೆ ಕಾದವರು. ಕಥೆ ಮಾತ್ರ ಅವರದಾಗಿರಲಿಲ್ಲ.

ಕೊನೆಯದಾಗಿ ಒಂದು ತಪ್ಪು ಓದಿನ ಕಥೆ. ವಿಜರ್ಡ್ರಿ ಮಾಡಿದ ವಿದ್ಯಾರ್ಥಿಗಳು ತುಂಟರು. ಅದರಲ್ಲಿ ‘ಬ್ಲೇಡ್ ಕಸಿನಾರ್ಟ್’ ಎಂಬ ಭಾರೀ ಖಡ್ಗವನ್ನಿಟ್ಟಿದ್ದರು. ಕ್ವೀಸಿನಾರ್ಟ್ ಎಂದರೆ ಅಮೆರಿಕದ ಅಡುಗೆಮನೆಗಳಲ್ಲಿ ತರಕಾರಿ ಕೊಚ್ಚುವ ಯಂತ್ರದ ಹೆಸರು. ನಮ್ಮ ಲೆಕ್ಕದಲ್ಲಿ ‘ಮಿಕ್ಸಿ ಖಡ್ಗ’. ಜಪಾನಿನ ಹುಡುಗರಿಗೆ ಆ ಯಂತ್ರ ಗೊತ್ತಿರಲಿಲ್ಲ; ಕಸಿನಾರ್ಟ್ ಎಂಬ ಮಹಾನ್ ಕಮ್ಮಾರ ತಟ್ಟಿದ ಖಡ್ಗವೆಂದೇ ನಂಬಿ ಭಕ್ತಿಯಿಂದ ಹಿಡಿದರು. ತಾಯ್ನಾಡಿನಲ್ಲಿ ವಿಜರ್ಡ್ರಿಯ ಕಂಪನಿ ಮುಚ್ಚಿಹೋದ ಮೇಲೂ ಜಪಾನಿನಲ್ಲಿ ಆ ಸರಣಿ ಬೆಳೆಯುತ್ತಲೇ ಇತ್ತು. 2024ರಲ್ಲೂ ಅಲ್ಲಿಂದ ಒಂದು ಹೊಸ ವಿಜರ್ಡ್ರಿ ಮೊಬೈಲಿಗೆ ಬಂತು.

ಹಿದೆತಾಕಾ ಮಿಯಾಜಾಕಿಯದೂ ಇಂಥದೇ ಓದು. ಬಡತನದಲ್ಲಿ ಬೆಳೆದ ಹುಡುಗ, ಪುಸ್ತಕ ಕೊಳ್ಳಲು ದುಡ್ಡಿಲ್ಲ. ಗ್ರಂಥಾಲಯದಿಂದ ಇಂಗ್ಲಿಷ್ ಪುಸ್ತಕಗಳನ್ನು ತಂದು ಓದುತ್ತಿದ್ದ, ಅರ್ಧ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ ಜಾಗಗಳನ್ನು ಚಿತ್ರ ನೋಡಿ ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದನೆಂದು ಅವನೇ ಹೇಳಿದ್ದಾನೆ. ಮುಂದೆ ಅವನು ಮಾಡಿದ ‘ಡೀಮನ್ಸ್ ಸೋಲ್ಸ್’ 2009ರಲ್ಲಿ, ಇನಾಫುನೆ ಕಥೆ ಮುಗಿಯಿತೆಂದ ಅದೇ ವರ್ಷದಲ್ಲಿ, ಬಂತು. ಯುರೋಪಿನ ಕೋಟೆ ಕೊತ್ತಲ, ಜಪಾನಿನ ಕೈಕೆಲಸ, ಕಥೆಯೆಲ್ಲ ಚೂರು ಚೂರು. ಪಶ್ಚಿಮದಲ್ಲಿ ಇದು ನಡೆಯುವುದಿಲ್ಲವೆಂದು ಸೋನಿ ಅಲ್ಲಿ ಪ್ರಕಟಿಸಲೂ ಇಲ್ಲ. ಬೇರೆಯವರು ಪ್ರಕಟಿಸಿ ಗೆದ್ದರು. 2022ರ ‘ಎಲ್ಡೆನ್ ರಿಂಗ್’ ಆಟಕ್ಕೆ ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್.ಆರ್. ಮಾರ್ಟಿನ್ ಒಂದು ಪುರಾಣವನ್ನೇ ಬರೆದುಕೊಟ್ಟರು. ಮಿಯಾಜಾಕಿಯ ತಂಡ ಅದನ್ನು ಒಡೆದು, ಒಂದು ತುಣುಕನ್ನು ಕತ್ತಿಯ ವಿವರಣೆಯಲ್ಲಿ, ಇನ್ನೊಂದನ್ನು ಹಳೆಯ ಉಂಗುರದ ವಿವರಣೆಯಲ್ಲಿ ಅಡಗಿಸಿಟ್ಟಿತು. ಈಗ ಅಮೆರಿಕದ ಹುಡುಗರು ರಾತ್ರಿಯೆಲ್ಲ ಕುಳಿತು, ತಮ್ಮದೇ ಭಾಷೆಯಲ್ಲಿ ಹುಟ್ಟಿದ ಆ ಕಥೆಯ ನಡುವಿನ ಖಾಲಿ ಜಾಗಗಳನ್ನು ಊಹೆಯಿಂದ ತುಂಬಿಕೊಳ್ಳುತ್ತಿದ್ದಾರೆ.